ಡೊಳ್ಳಿನ ಮನೆಗೆ ಬಂದ ಶಾಮಿಸೆನ್

ಆಡಿಸ್ಕೋಂಬ್, ಕ್ರೋಯ್ಡನ್
ಭಾನುವಾರ, ೮ ಸೆಪ್ಟೆಂಬರ್ ೨೦೨೪

ಚಿರಂಜೀವಿ ವಿಕಾಸನಿಗೆ ಸಿದ್ದಲಿಂಗಮಾಮನ ಆಶೀರ್ವಾದ.

ನೀನು ನನ್ನ ನಂಬರು ಬ್ಲಾಕ್ ಮಾಡಿದ್ದೀ. ಮಾಡು. ಅಂಚೆಯವನನ್ನು ಬ್ಲಾಕ್ ಮಾಡುವ ಬಟನ್ ಇನ್ನೂ ಯಾರೂ ಕಂಡುಹಿಡಿದಿಲ್ಲ. ಕ್ರೋಯ್ಡನ್ನಿನಿಂದ ಸಟನ್ನಿಗೆ ರೈಲಿನಲ್ಲಿ ಕಾಲು ಗಂಟೆ, ಪತ್ರಕ್ಕೆ ಎರಡು ದಿನ. ಆದರೂ ಪತ್ರವೇ ವಾಸಿ. ಇದನ್ನು ಓದುವಾಗ ನೀನು ನಡುವೆಯೇ "ಮಾಮಾ, ಡ್ಯೂಟಿಗೆ ಹೊತ್ತಾತು" ಎಂದು ಕಟ್ ಮಾಡಲಾರೆ. ನಿನ್ನ ಅವ್ವ ತೀರಿಕೊಂಡ ಮೇಲೆ ಹನ್ನೊಂದನೇ ವಯಸ್ಸಿಗೆ ಈ ಮನೆಗೆ ಬಂದೆಯಲ್ಲ, ಅಂದಿನಿಂದ ಪ್ರತಿ ಭಾನುವಾರ ಊರಿನ ಅಜ್ಜಿಗೆ ಒಂದು ಪುಟ ಕನ್ನಡ ಬರೆಯುವತನಕ ನಿನಗೆ ಟಿವಿ ಹಾಕಗೊಡುತ್ತಿರಲಿಲ್ಲ. ಆ ಅಕ್ಷರದ ಬೆಳೆಯನ್ನು ಈಗ ನಾನೂ ಸ್ವಲ್ಪ ಉಣ್ಣುತ್ತೇನೆ. ಉತ್ತರ ಬರೆ.

ಈಗ ಕಥೆಗೆ ಬರುತ್ತೇನೆ. ನಾವು ಮೂರು ಜನ 'ಕರಿ ಕಂಬಳಿ' ಬ್ಯಾಂಡ್ ಕಟ್ಟಿ ನಾಲ್ಕು ವರ್ಷವಾಯಿತು. ನಿನ್ನ ಗಿಟಾರು, ಬೆಂಗಳೂರಿನ ಸಮರ್ಥನ ಡ್ರಮ್ಸು, ನನ್ನ ಡೊಳ್ಳು. ವಾರವೆಲ್ಲ ಟ್ರಾಮ್ ಓಡಿಸುವ ಐವತ್ತಾರು ವರ್ಷದ ಮುದುಕ, ಗುರುವಾರ ಸಂಜೆ ಚರ್ಚ್ ಹಾಲಿನಲ್ಲಿ ರಾಕ್ ಬಾರಿಸುತ್ತಾನೆ ಎಂದರೆ ಡಿಪೋದಲ್ಲಿ ಎಲ್ಲರೂ ಎದ್ದು ಚಹಾ ಕೊಡುತ್ತಿದ್ದರು. ಆ ಗುರುವಾರ ನೀನು ಹೇಳದೆ ಕೇಳದೆ ಆ ಹುಡುಗಿಯನ್ನು ಕರೆತಂದೆ. ಚಿಯೋ. ಜಪಾನಿನ ಉತ್ತರದ ತುದಿಯವಳಂತೆ, ಇಲ್ಲಿ ಯಾವುದೋ ಬೇಕರಿಯಲ್ಲಿ ಕೆಲಸವಂತೆ. ಚೀಲದಿಂದ ಶಾಮಿಸೆನ್ ತೆಗೆದಳು. ಚೌಕ ಡಬ್ಬಿಗೆ ಚರ್ಮ ಹೊದಿಸಿ, ಉದ್ದ ಕೋಲು ಸಿಕ್ಕಿಸಿ, ಮೂರು ತಂತಿ ಬಿಗಿದ ವಾದ್ಯ. ಮೂರೇ ತಂತಿ, ಏನು ಮಾಡೀತು ಎಂದುಕೊಂಡು ನಾನು ಬಿಸ್ಕಿಟು ತಿನ್ನುತ್ತಿದ್ದೆ. ಆಕೆ ದೋಸೆ ಮಗುಚುವ ಸಟ್ಟುಗದಷ್ಟು ಅಗಲದ ಮೀಟುಗೋಲಿನಿಂದ ಹೊಡೆದಳು ನೋಡು! ಪೆಟ್ಟು ತಂತಿಯ ಮೇಲೆ ನಿಲ್ಲಲಿಲ್ಲ. ಕೆಳಗಿನ ಚರ್ಮಕ್ಕೂ ಬಿತ್ತು. ತಂತಿ ಅತ್ತಿತು, ಚರ್ಮ ಗದರಿತು. ಬಿಸ್ಕಿಟು ನನ್ನ ಬಾಯಲ್ಲೇ ಉಳಿಯಿತು.

ಸಮರ್ಥ ನನ್ನ ಕಡೆ ತಿರುಗಿ, "ಅಂಕಲ್, ನೋಡಿದ್ರಾ? ಒಂದೇ ಕೈಲಿ ಇಬ್ರು ಮಾಡೋ ಕೆಲ್ಸ!" ಅಂದ. ಆ ಇಬ್ಬರಲ್ಲಿ ಒಬ್ಬ ನಾನು ಎಂದು ಪಾಪ ಅವನಿಗೆ ಹೊಳೆಯಲಿಲ್ಲ. ನಿನಗೆ ಹೊಳೆದಿತ್ತು. "ಮಾಮಾ, ಈ ಹಾಡಿನ್ಯಾಗ ಡೊಳ್ಳು ಸ್ವಲ್ಪ ಬ್ಯಾಡ ನೋಡ್ರಿ" ಅಂದೆ. ಆಮೇಲೆ ಇನ್ನೊಂದು ಹಾಡಿಗೂ ಅದೇ ಮಾತು. ಚಹಾ ಬರುವಷ್ಟರಲ್ಲಿ ಐದು ಹಾಡಿನಲ್ಲಿ ನಾಲ್ಕು ಹೋಗಿದ್ದವು. ಐದನೆಯದರ ಕೊನೆಗೆ ಹದಿನಾರು ಪೆಟ್ಟು ನನ್ನ ಪಾಲು. ಅದನ್ನೂ ನೀನು ಬೆರಳು ಮಡಿಚಿ ಎಣಿಸಿಕೊಟ್ಟೆ.

ಹೋಗಲಿ ಎಂದರೆ, ಆ ಭಾನುವಾರ ಅವಳನ್ನು ಊಟಕ್ಕೂ ಕರೆತಂದೆ. ಮೂವತ್ತು ವರ್ಷದಲ್ಲಿ ನಿನ್ನ ಅತ್ತಿ ನಾಗವ್ವ ನನ್ನನ್ನು ಹಿಟ್ಟಿನ ಪರಾತದ ಹತ್ತಿರ ಬಿಟ್ಟವಳಲ್ಲ. ಆ ಹುಡುಗಿಯನ್ನು ಪಕ್ಕಕ್ಕೆ ನಿಲ್ಲಿಸಿಕೊಂಡು ರೊಟ್ಟಿ ಬಡಿಯುವುದನ್ನು ಕಲಿಸಿದಳು. ಮೂರನೇ ರೊಟ್ಟಿ ದುಂಡಗೆ ಬಂತು. "ಕೈಯಾಗ ತಾಳ ಐತಿ ಹುಡುಗಿಗೆ" ಎಂದಳು. ನನ್ನ ಕೈಯಲ್ಲಿ ಏನಿದೆ ಎಂದು ಆಕೆ ಈವರೆಗೆ ಹೇಳಿಲ್ಲ.

ಒಂದೂರಲ್ಲಿ ಒಬ್ಬ ಗೌಡ. ಅವನ ಮನೆಯಲ್ಲಿ ಒಂದು ನಾಯಿ. ಒಂದು ದಿನ ಆ ಮನೆಗೆ ಹೊಸ ಬೆಕ್ಕು ಬಂತು. ಈ ಕಥೆ ನಿನಗೆ ನೂರು ಸಲ ಹೇಳಿದ್ದೇನೆ. ನಡುನಡುವೆ ನೀನು "ಹೂಂ" ಅನ್ನುತ್ತಿದ್ದೆ. ಹೂಂಗುಟ್ಟುವವರಿಲ್ಲದಿದ್ದರೆ ಕಥೆ ಮುಂದೆ ಸಾಗಬಾರದು ಎಂಬುದು ನಮ್ಮ ಮನೆಯ ನೇಮ. ಆದ್ದರಿಂದ ಇಲ್ಲಿಗೇ ನಿಲ್ಲಿಸುತ್ತೇನೆ.

ನಿನ್ನ ಮಾಮ,
ಸಿದ್ದಲಿಂಗಪ್ಪ

———

ಸಟನ್
೧೭ ಸೆಪ್ಟೆಂಬರ್ ೨೦೨೪

ಮಾಮಾ ಅವರಿಗೆ ನಮಸ್ಕಾರ.

ಪತ್ರ ತಲುಪಿತು. ಅಕ್ಷರ ತಪ್ಪಿದ್ದರೆ ಕೆಂಪು ಪೆನ್ನಿನಿಂದ ತಿದ್ದಿ ವಾಪಸ್ ಕಳಿಸಬೇಡಿ, ಮೊದಲೇ ಹೇಳಿದ್ದೇನೆ.

ನಂಬರು ಬ್ಲಾಕ್ ಮಾಡಿದ್ದು ಸಿಟ್ಟಿನಿಂದಲ್ಲ. ಆ ಗುರುವಾರದ ನಂತರ ನಾಲ್ಕು ದಿನದಲ್ಲಿ ನಿಮ್ಮಿಂದ ಇಪ್ಪತ್ಮೂರು ವಾಯ್ಸ್ ಮೆಸೇಜ್ ಬಂದವು. ಒಂದು ಹನ್ನೊಂದು ನಿಮಿಷದ್ದು. ಆಸ್ಪತ್ರೆಯ ಎಕ್ಸ್‌ರೇ ಕೋಣೆಯಲ್ಲಿ ಕಾಲು ಮುರಿದುಕೊಂಡ ಅಜ್ಜಿಯೊಬ್ಬರನ್ನು ಮಲಗಿಸುವಾಗ ಜೇಬಿನಲ್ಲಿ ಅದು ತಾನಾಗಿಯೇ ಶುರುವಾಗಿ, ನೀವು "ಲೇ ವಿಕ್ಯಾ, ಕೃತಘ್ನ!" ಎಂದು ಕೂಗಿದ್ದನ್ನು ಇಡೀ ವಿಭಾಗವೇ ಕೇಳಿತು. ಆ ಅಜ್ಜಿ ಕೈ ಮುಗಿದರು, ನಮ್ಮ ಪ್ರಾರ್ಥನೆ ಎಂದುಕೊಂಡು.

ಡೊಳ್ಳಿನ ವಿಷಯ. ಮಾಮಾ, ಡೊಳ್ಳು ಬಯಲಿನ ವಾದ್ಯ. ಆ ಸಣ್ಣ ಹಾಲಿನಲ್ಲಿ ಅದು ಬಂದರೆ ಗಿಟಾರೂ ಇಲ್ಲ, ಮಾತೂ ಇಲ್ಲ. ನಾಲ್ಕು ವರ್ಷ ಇದನ್ನು ನಿಮಗೆ ಹೇಗೆ ಹೇಳಲಿ ಎಂದು ಒದ್ದಾಡಿದೆ. ಶಾಮಿಸೆನ್ ಬಂದ ದಿನ ಹೇಳುವ ಧೈರ್ಯ ಬಂತು. ತಪ್ಪು ದಿನ ಹೇಳಿದೆ, ಅದನ್ನು ಒಪ್ಪುತ್ತೇನೆ. ಹೇಳಿದ್ದು ತಪ್ಪಲ್ಲ.

ಹದಿನಾರು ಪೆಟ್ಟನ್ನು ಮೂವತ್ತೆರಡು ಮಾಡಬಹುದು.

ಸದ್ಯ ಪತ್ರದಲ್ಲೇ ಮಾತಾಡೋಣ. ಇದರಲ್ಲಿ ನಾನು ವಾಕ್ಯ ಮುಗಿಸಬಹುದು.

ನಿಮ್ಮ
ವಿಕಾಸ

———

ಆಡಿಸ್ಕೋಂಬ್
೨೧ ಅಕ್ಟೋಬರ್ ೨೦೨೪

ವಿಕಾಸನಿಗೆ.

ನಿನ್ನೆ ಲೋಕಲ್ ರೇಡಿಯೋದಲ್ಲಿ ನಿಮ್ಮ ಹಾಡು ಬಂತು. ನಾನೂ ನಾಗವ್ವನೂ ಸ್ನಾನ ಮಾಡಿ ಕುಳಿತು ಕೇಳಿದೆವು. ಹಾಡು ಚೆನ್ನಾಗಿದೆ. ಚೆನ್ನಾಗಿದೆ ಎಂದು ಬರೆಯಲು ಎಷ್ಟು ಹೊತ್ತು ಹಿಡಿಯಿತು ಎಂಬುದು ಈ ಪೆನ್ನಿಗೆ ಮಾತ್ರ ಗೊತ್ತು.

ಆ ಹಾಡಿನ ಬೆನ್ನೆಲುಬು ಏಳರ ಗತ್ತು. ಮೂರು ಪೆಟ್ಟು, ಒಂದು ಉಸಿರು, ನಾಲ್ಕು ಪೆಟ್ಟು. ಅದು ನಮ್ಮಪ್ಪನದು. ನವಲಗುಂದದ ಕಡೆ ಬೇರೆ ಯಾವ ಡೊಳ್ಳಿನ ಮನೆಯಲ್ಲೂ ಆ ಉಸಿರಿಲ್ಲ. ಹನ್ನೊಂದು ವರ್ಷದ ನೀನು ರಾತ್ರಿ ಅವ್ವನ ನೆನಪಾಗಿ ಅಳುತ್ತಿದ್ದಾಗ ನಿನ್ನ ಬೆನ್ನ ಮೇಲೆ ಅದನ್ನೇ ತಟ್ಟಿ ಮಲಗಿಸಿದ್ದೇನೆ. ರೇಡಿಯೋದವಳು ಕೇಳಿದಳು, ಈ ವಿಚಿತ್ರ ತಾಳ ಎಲ್ಲಿಂದ ಬಂತು ಎಂದು. ನೀನು ಏನಂದೆ? "ಇದಕ್ಕೆ ಜೀವ ಕೊಟ್ಟದ್ದು ಚಿಯೋ."

ಚಿಯೋ ಕೂಡ ನಕ್ಕು ಥ್ಯಾಂಕ್ಯೂ ಅಂದಳು.

ಇಂದು ಬೆಳಿಗ್ಗೆ ನ್ಯೂ ಆಡಿಂಗ್ಟನ್ ಕಡೆ ಟ್ರಾಮ್ ಒಯ್ಯುವಾಗ ಒಂದು ಸ್ಟಾಪಿನಲ್ಲಿ ಬಾಗಿಲು ತೆಗೆಯುವುದನ್ನೇ ಮರೆತೆ. ಜನ ಗಾಜು ಬಡಿದರು. ಅದೂ ಏಳು ಪೆಟ್ಟು ಕೇಳಿದಂತಾಯಿತು.

ಸಿದ್ದಲಿಂಗಪ್ಪ

ವಿಕ್ಯಾ, ಇದು ನಿನ್ನ ಅತ್ತಿ ಬರದದ್ದು. ನಿಮ್ಮ ಮಾಮ ಎರಡು ದಿನದಿಂದ ಉಂಡಿಲ್ಲ ಅಂತ ಬರೀ ಅಂದಾರ. ಉಂಡಾರ. ನಾಕು ರೊಟ್ಟಿ ಉಂಡಾರ. ಆದ್ರ ಮಾತಾಡದ ಉಂಡಾರ, ಅದು ನಿಜ. ನೀ ಒಂದು ಮಾತು ಅವರ ಹೆಸರು ಹೇಳಬೇಕಿತ್ತಪ್ಪಾ. — ನಾಗವ್ವ

———

ಸಟನ್
೩ ಡಿಸೆಂಬರ್ ೨೦೨೪

ಮಾಮಾ,

ಉತ್ತರ ತಡವಾಯಿತು. ಅತ್ತಿಯ ಸಾಲನ್ನು ಹತ್ತು ಸಲ ಓದಿದೆ. ರೇಡಿಯೋದವಳು ನನಗೆ ಎಂಟು ಸೆಕೆಂಡು ಕೊಟ್ಟಿದ್ದಳು. ಎಂಟು ಸೆಕೆಂಡಿನಲ್ಲಿ ನಿಮ್ಮನ್ನು ಹೇಳಿ ಮುಗಿಸಲಾಗದು ಎಂದುಕೊಂಡೆ. ಇದು ನೆಪ ಎಂದು ಬರೆಯುವಾಗಲೇ ತಿಳಿಯುತ್ತಿದೆ.

ಈಗ ಒಂದು ಸಹಾಯ. ಚಿಯೋ ಹತ್ತೊಂಬತ್ತಕ್ಕೆ ಊರಿಗೆ ಹೊರಟಿದ್ದಾಳೆ, ಹನ್ನೆರಡು ದಿನ. ಅವಳ ಅಮ್ಮನಿಗೆ ಕಣ್ಣಿನ ಆಪರೇಷನ್. ಅವಳ ಫ್ಲ್ಯಾಟಿನಲ್ಲಿ ಬಾಯ್ಲರ್ ಕೆಟ್ಟಿದೆ, ಗೋಡೆಯೆಲ್ಲ ತೇವ. ಶಾಮಿಸೆನ್ ಅಲ್ಲಿಡಲು ಹೆದರುತ್ತಾಳೆ. ಅದು ಅವಳ ಅಜ್ಜಿಯದು. ಅಜ್ಜಿ ಹಿಮದಲ್ಲಿ ಊರೂರು ತಿರುಗಿ, ಮನೆಬಾಗಿಲಲ್ಲಿ ನಿಂತು ಬಾರಿಸಿ ಅಕ್ಕಿ ಪಡೆಯುತ್ತಿದ್ದಳಂತೆ. ನಾನು ನನ್ನ ಕೋಣೆಯಲ್ಲಿಡುತ್ತೇನೆ ಅಂದೆ. ಬೇಡ ಅಂದಳು. "ನಿನ್ನ ಅಂಕಲ್ ಮನೆ ಚರ್ಮದ ಸ್ವಭಾವ ತಿಳಿದ ಮನೆ. ಅಲ್ಲಿಡುತ್ತೇನೆ." ಅವಳೇ ಆರಿಸಿದ್ದು, ನಾನಲ್ಲ.

ಹೇಗೆ ನೋಡಿಕೊಳ್ಳಬೇಕೆಂದು ತಾನೇ ಬಂದು ಹೇಳುತ್ತಾಳೆ. ಫೆಬ್ರವರಿ ಇಪ್ಪತ್ತೆರಡಕ್ಕೆ ಕ್ರೋಯ್ಡನ್ನಿನಲ್ಲೇ ನಮ್ಮ ದೊಡ್ಡ ಕಾರ್ಯಕ್ರಮ, ನಾಲ್ಕು ನೂರು ಸೀಟು. ಅಲ್ಲಿಯತನಕ ಅದು ಕ್ಷೇಮವಾಗಿರಬೇಕು.

ವಿಕಾಸ

———

ಆಡಿಸ್ಕೋಂಬ್
೨ ಜನವರಿ ೨೦೨೫

ಚಿರಂಜೀವಿ ವಿಕಾಸನಿಗೆ.

ಹೊಸ ವರ್ಷಕ್ಕೆ ಕೆಟ್ಟ ಸುದ್ದಿ. ಚಿಯೋಳ ವಾದ್ಯದ ಮುಂಭಾಗದ ಚರ್ಮ ಸೀಳಿದೆ. ಇಪ್ಪತ್ತೇಳನೇ ತಾರೀಖು ಬೆಳಿಗ್ಗೆ ಚೀಲದ ಮೇಲಿನ ಧೂಳು ಒರೆಸುವಾಗ ಏಕೋ ಅನುಮಾನ ಬಂದು ತೆರೆದು ನೋಡಿದೆ. ಈ ಅಂಚಿನಿಂದ ಆ ಅಂಚಿಗೆ, ಬೇಸಿಗೆಯಲ್ಲಿ ಕರಿನೆಲ ಬಿರಿದ ಹಾಗೆ. ಆ ವಾರ ಎಂಥ ಚಳಿ ಇತ್ತೆಂದು ನಿನಗೆ ಗೊತ್ತು. ಚಳಿಗೆ ನಮ್ಮ ತುಟಿಯೇ ಒಡೆಯುತ್ತದೆ, ಚರ್ಮದ ಪಾಡೇನು.

ನಿನ್ನೆ ಅವಳು ಬಂದು ಚೀಲ ಒಯ್ದಳು. ತೆರೆದು ನೋಡಿ ಮುಚ್ಚಿದಳು. ನಾಗವ್ವನ ಕೈಗೆ ಒಂದು ಡಬ್ಬಿ ಸಿಹಿ ಕೊಟ್ಟು ಹೋದಳು. ಹುರುಳಿಯಂಥ ಯಾವುದೋ ಕಾಳಿನ ಹೂರಣ. ನನಗೆ ಸೇರಲಿಲ್ಲ.

ನನಗೆ ಬಹಳ ಬೇಸರವಾಗಿದೆ ಎಂದು ಅವಳಿಗೆ ತಿಳಿಸು.

ಸಿದ್ದಲಿಂಗಪ್ಪ

ನಾ ಆಗ ಅಡಿಗಿಮನ್ಯಾಗಿದ್ದೆ. — ನಾಗವ್ವ

———

ಸಟನ್
೧೫ ಜನವರಿ ೨೦೨೫

ಮಾಮಾ,

ಚಿಯೋಗೆ ತಿಳಿಸಿದೆ. "ಚಳಿ ಇರಬೇಕು" ಅಂದಳು. ಅವಳ ಊರಿನಲ್ಲಿ ಮನೆ ಮುಳುಗುವಷ್ಟು ಹಿಮ ಬೀಳುತ್ತದೆ. ಆ ಚಳಿಯಲ್ಲಿ ಅರವತ್ತು ವರ್ಷ ಬಾಳಿದ ವಾದ್ಯ ಕ್ರೋಯ್ಡನ್ನಿನ ಚಳಿಗೆ ಸೀಳಿತು. ಇರಲಿ.

ಚರ್ಮ ಹೊದಿಸುವವನು ಅವಳ ಊರಿನಲ್ಲಿದ್ದಾನೆ, ಎಂಬತ್ತರ ಮುದುಕ. ಕಳಿಸಿದರೆ ಬರಲು ಮೂರು ತಿಂಗಳು. ಇಲ್ಲಿ ಬಾಡಿಗೆಗೆ ಸಿಕ್ಕಿದ್ದನ್ನು ಅವಳು ಒಂದು ಸಲ ಬಾರಿಸಿ ವಾಪಸ್ ಕೊಟ್ಟಳು. ಇಪ್ಪತ್ತೆರಡಕ್ಕೆ ಅವಳಿಗೆ ವಾದ್ಯವಿಲ್ಲ.

ಆದ್ದರಿಂದ ಕೇಳುತ್ತಿದ್ದೇನೆ. ಆ ದಿನ ಅವಳ ಜಾಗದಲ್ಲಿ ನೀವು ಡೊಳ್ಳು ಬಾರಿಸುತ್ತೀರಾ? ಐದೂ ಹಾಡಿಗೆ. ದೊಡ್ಡ ಹಾಲು, ಡೊಳ್ಳಿಗೆ ಸರಿಹೋಗುತ್ತದೆ. ಇದನ್ನು ಸೂಚಿಸಿದವಳು ಚಿಯೋ.

ಇನ್ನೊಂದು ಪ್ರಶ್ನೆ. ಅವಳು ಕೇಳಲಿಲ್ಲ, ನಾನು ಕೇಳುತ್ತಿದ್ದೇನೆ. ವಾದ್ಯವನ್ನು ಯಾವ ಕೋಣೆಯಲ್ಲಿಟ್ಟಿದ್ದಿರಿ?

ವಿಕಾಸ

———

ಆಡಿಸ್ಕೋಂಬ್
೨೪ ಜನವರಿ ೨೦೨೫

ವಿಕಾಸನಿಗೆ.

ಬಾರಿಸುತ್ತೇನೆ. ಐದೂ ಹಾಡಿಗೆ ಬಾರಿಸುತ್ತೇನೆ. ಡೊಳ್ಳಿನ ಹಗ್ಗ ಬಿಗಿದಿದ್ದೇನೆ. ಮೇಲಿನ ಮನೆಯ ಕೃಷ್ಣಪ್ರಸಾದ ಕೌನ್ಸಿಲಿಗೆ ದೂರು ಕೊಡುತ್ತೇನೆ ಅಂದಿದ್ದಾನೆ. ಕೊಡಲಿ.

ಕೋಣೆಯ ವಿಷಯ ಕೇಳಿದ್ದೀ. ಮೊನ್ನೆ ಬರೆದದ್ದರಲ್ಲಿ ಸ್ವಲ್ಪ ಬಿಟ್ಟಿದ್ದೆ. ಕಥೆ ಹೇಳುವವನು ಮೊದಲ ಸಲಕ್ಕೇ ಎಲ್ಲವನ್ನೂ ಹೇಳುವುದಿಲ್ಲ. ವಾದ್ಯ ಮುಂದಿನ ಕೋಣೆಯಲ್ಲಿತ್ತು. ಡಿಸೆಂಬರ್ ಇಪ್ಪತ್ತಾರರ ಮಧ್ಯಾಹ್ನ ಚೀಲದಿಂದ ತೆಗೆದೆ. ತಂತಿಯನ್ನು ಎತ್ತಿಹಿಡಿಯಲು ಕೆಳಗೆ ನಿಲ್ಲಿಸುವ 'ಕುದುರೆ' ಎಂಬ ಪುಟ್ಟ ತುಂಡನ್ನು ಅವಳು ತೆಗೆದು ಡಬ್ಬಿಯಲ್ಲಿಟ್ಟಿದ್ದಳು, ಅದನ್ನು ನಿಲ್ಲಿಸಿದೆ. ಒಂದು ಪೆಟ್ಟು ಹಾಕಿದೆ. ತೇವಕ್ಕೆ ಚರ್ಮ ಮಂಕಾಗಿತ್ತು, ನೆಗಡಿಯಾದವರ ದನಿ. ನಮ್ಮ ಊರಿನಲ್ಲಿ ಚರ್ಮ ಮಂಕಾದರೆ ಏನು ಮಾಡುತ್ತಾರೆ? ಹಲಗೆಯನ್ನು ಹುಲ್ಲಿನ ಬೆಂಕಿಗೆ ಹಿಡಿದು ಕಾಯಿಸುತ್ತಾರೆ, ಡೊಳ್ಳನ್ನು ಬಿಸಿಲಿಗಿಡುತ್ತಾರೆ. ನಾನೂ ಅದೇ ರೂಢಿಯಲ್ಲಿ ಇದನ್ನು ಹೀಟರಿನ ಮುಂದಿಟ್ಟೆ. ಹುಡುಗಿ ಬಂದಾಗ ಕಂಚಿನಂತೆ ನುಡಿಯಲಿ ಎಂಬ ಪ್ರೀತಿಯಿಂದ ಇಟ್ಟೆ. ಅದು ಸೀಳಿತು. ಇಷ್ಟೇ. ಹಳ್ಳಿಯವನ ತಪ್ಪು.

ಸಿದ್ದಲಿಂಗಪ್ಪ

ಈ ಸಲ ನಂಗ ಬರಿಯಾಕ ಜಾಗಾ ಬಿಟ್ಟಿಲ್ಲ ನೋಡು ನಿಮ್ಮ ಮಾಮ. ಅಂಚಿನ್ಯಾಗ ಬರದೇನಿ. ಆ ದಿನ ಮುಂದಿನ ಖೋಲಿಯಿಂದ ಏಳರ ಗತ್ತು ಕೇಳಿಸ್ತು. ಭಾಳ ಛಂದ ಕೇಳಿಸ್ತು. — ನಾ

———

ಸಟನ್
೪ ಫೆಬ್ರವರಿ ೨೦೨೫

ಮಾಮಾ,

ಕಾರ್ಯಕ್ರಮಕ್ಕೆ ಐದು ಗಂಟೆಗೆ ಬನ್ನಿ. ಕಪ್ಪು ಅಂಗಿ.

ನಿಮ್ಮ ಪತ್ರವನ್ನು ಚಿಯೋಗೆ ಓದಿ ಹೇಳಿದೆ. ಅತ್ತಿಯ ಅಂಚಿನ ಸಾಲು ಬಿಟ್ಟು. ಬಿಸಿಗೆ ಒಡ್ಡಬಾರದು ಎಂದು ನೀನು ಮಾಮನಿಗೆ ಹೇಳಿರಲಿಲ್ಲವೇ ಎಂದು ಕೇಳಿದೆ. ಅವಳು "ಹೇಳಲು ಮರೆತಿರಬೇಕು, ವಿಮಾನದ ಗಡಿಬಿಡಿ" ಅಂದಳು. "ತಪ್ಪು ನನ್ನದು ಎಂದು ಅಂಕಲ್‌ಗೆ ಬರೆ" ಅಂದಳು.

ಬರೆದಿದ್ದೇನೆ.

ವಿಕಾಸ

———

ಆಡಿಸ್ಕೋಂಬ್
ಗುರುವಾರ, ೨೦ ಫೆಬ್ರವರಿ ೨೦೨೫

ವಿಕಾಸ,

ಅವಳು ಮರೆತಿರಲಿಲ್ಲ.

ಡಿಸೆಂಬರ್ ಹದಿನೆಂಟನೇ ತಾರೀಖು ಸಂಜೆ ನಮ್ಮ ಮುಂದಿನ ಕೋಣೆಯಲ್ಲಿ ಮಂಡಿಯೂರಿ ಕುಳಿತು ಎರಡು ಸಲ ಹೇಳಿದಳು. "ಅಂಕಲ್, ಈ ಚರ್ಮ ಬಹಳ ಬಿಗಿ. ಬಿಸಿ ಬೇಡ. ಹೀಟರ್ ಹತ್ತಿರ ಬೇಡ." ನಾನು ಎರಡು ಸಲ ತಲೆಯಾಡಿಸಿದೆ. ಆಡಿಸುತ್ತ, ನನ್ನ ಮನೆಯಲ್ಲಿ ಚರ್ಮದ ಬಗ್ಗೆ ನನಗೇ ಹೇಳುತ್ತಾಳಲ್ಲ ಎಂದುಕೊಂಡೆ.

ಚರ್ಮ ಮಂಕಾಗಿತ್ತು ಎಂದು ಬರೆದಿದ್ದೆ. ಅದೂ ಸುಳ್ಳು. ಆ ಮಧ್ಯಾಹ್ನ ನಾನು ಮೀಟುಗೋಲಿನಿಂದ ಅದರ ಮೇಲೆ ನಮ್ಮಪ್ಪನ ಗತ್ತು ಬಾರಿಸಿದೆ. ಮೂರು ಪೆಟ್ಟು, ಒಂದು ಉಸಿರು, ನಾಲ್ಕು ಪೆಟ್ಟು. ನನಗೆ ಅದರ ತಂತಿ ಒತ್ತಲೂ ಬರದು. ಆದರೂ ಹೇಗೆ ಕೇಳಿಸಿತು ಗೊತ್ತೇ? ನನ್ನ ಡೊಳ್ಳಿನಲ್ಲಿ ಐವತ್ತು ವರ್ಷ ಕೇಳಿಸದ ಆ ಉಸಿರು ಅದರಲ್ಲಿ ಕೇಳಿಸಿತು. ಡೊಳ್ಳಿನಲ್ಲಿ ಮೊದಲ ಪೆಟ್ಟಿನ ಗುಂಯ್ ಇಳಿಯುವುದರೊಳಗೆ ಮುಂದಿನದು ಬರುತ್ತದೆ, ನಡುವಿನ ಖಾಲಿ ಜಾಗ ತುಂಬಿಹೋಗುತ್ತದೆ. ಇದರಲ್ಲಿ ಖಾಲಿ ಜಾಗ ಖಾಲಿಯಾಗಿಯೇ ನಿಂತಿತು. ಜೀವ ಕೊಟ್ಟದ್ದು ಅವಳು ಎಂದು ರೇಡಿಯೋದಲ್ಲಿ ನೀನಂದದ್ದು ನಿಜ. ಅದು ನಿಜವೆಂದು ನನ್ನ ಕೈಯಿಂದಲೇ ನನಗೆ ಗೊತ್ತಾಯಿತು.

ಅದಕ್ಕೇ ಹೀಟರಿಗೆ ಒರಗಿಸಿದೆ. ತಿಳಿದೂ ಒರಗಿಸಿದೆ. ಎದುರಿನ ಕುರ್ಚಿಯಲ್ಲಿ ಕುಳಿತು ಚಹಾ ಕುಡಿದೆ. ಲೋಟ ಅರ್ಧವಾದಾಗ ಚಟ್ ಎಂದಿತು. ಅಡಿಗೆಮನೆಯಲ್ಲಿ ನಾಗವ್ವ ರೊಟ್ಟಿ ಬಡಿಯುವ ಸದ್ದೂ ನಿಂತಿತು. ಆಕೆ ಬಂದು ಬಾಗಿಲಲ್ಲಿ ನಿಂತು ನೋಡಿದಳು. ನಾನು ಆಕೆಯನ್ನು ನೋಡಲಿಲ್ಲ. ಆಕೆ ಒಳಗೆ ಹೋಗಿ ಒಲೆ ಆರಿಸಿದಳು. ಅಂದು ಅನ್ನ ಉಂಡೆವು.

ನಾಯಿಯ ಕಥೆ ಅರ್ಧಕ್ಕೆ ಬಿಟ್ಟಿದ್ದೆ. ಹೊಸ ಬೆಕ್ಕನ್ನು ಕಂಡರಾಗದೆ ನಾಯಿ ಹಾಲಿನ ಗಡಿಗೆ ಉರುಳಿಸಿತು. ಗೌಡತಿ ಬೆಕ್ಕಿಗೆ ಬಡಿದು ಓಡಿಸಿದಳು. ಅಂಗಳವೆಲ್ಲ ನನ್ನದೇ ಎಂದು ನಾಯಿ ಬಾಲವಾಡಿಸಿತು. ಮಾರನೆಯ ದಿನದಿಂದ ಗೌಡತಿ ಹಾಲು ಮೊಸರೆಲ್ಲ ನೆಲುವಿಗೇರಿಸಿದಳು. ನಾಯಿಗೆ ದಿನಾ ಸಿಗುತ್ತಿದ್ದ ಮಜ್ಜಿಗೆಯೂ ಹೋಯಿತು. ನಮ್ಮಜ್ಜಿ ಇಲ್ಲಿಗೇ ಮುಗಿಸುತ್ತಿದ್ದಳು. ನೀನು ಸಣ್ಣವನಿದ್ದಾಗ ಬಿಡುತ್ತಿರಲಿಲ್ಲ, "ನಾಯಿ ಹೋಗಿ ಹೇಳಬೇಕಿತ್ತಲ್ಲ ಮಾಮಾ, ನಾನ ಕೆಡವಿದೆ ಅಂತ" ಎನ್ನುತ್ತಿದ್ದೆ. ನಾಯಿಗೆ ಮಾತು ಬರುವುದಿಲ್ಲ ಎಂದು ನಾನು ನಿನ್ನನ್ನು ಮಲಗಿಸುತ್ತಿದ್ದೆ.

ನನಗೆ ಮಾತು ಬರುತ್ತದೆ.

ಸಿದ್ದಲಿಂಗಪ್ಪ

———

ಸಟನ್
ಸೋಮವಾರ, ೨೪ ಫೆಬ್ರವರಿ ೨೦೨೫

ಹೂಂ.

ಮಾಮಾ, ನಿಮ್ಮ ಲಕೋಟೆ ನನ್ನೆದುರಿಗಿದೆ. ಫಸ್ಟ್ ಕ್ಲಾಸ್ ಸ್ಟಾಂಪಿನ ಕೆಳಗಿಂದ ಸೆಕೆಂಡ್ ಕ್ಲಾಸ್ ಸ್ಟಾಂಪಿನ ಹಸಿರು ಅಂಚು ಇಣುಕುತ್ತಿದೆ. ನೀವು ಹಚ್ಚಿದ್ದು ಯಾವುದು ಎಂದು ಕೇಳುವುದಿಲ್ಲ. ಸೆಕೆಂಡ್ ಕ್ಲಾಸಿನ ನಿಧಾನದ ಅಂಚೆಯಲ್ಲಿ ಬಂದಿದ್ದರೆ ಪತ್ರ ಇವತ್ತೋ ನಾಳೆಯೋ ಸಿಗುತ್ತಿತ್ತು, ಕಾರ್ಯಕ್ರಮ ಮುಗಿದ ಮೇಲೆ. ಸತ್ಯವನ್ನೂ ಹೇಳಿದಂತಾಯಿತು, ಡೊಳ್ಳೂ ಬಾರಿಸಿದಂತಾಯಿತು. ಆದರೆ ಶುಕ್ರವಾರ ಅದನ್ನು ಅಂಚೆಗೆ ಹಾಕಲು ಹೋದವರು ಅತ್ತಿ.

ಶನಿವಾರ ಬೆಳಿಗ್ಗೆ ಹತ್ತಕ್ಕೆ ಪತ್ರ ಬಂತು. ಹನ್ನೊಂದಕ್ಕೆ ಚಿಯೋಗೆ ಓದಿ ಹೇಳಿದೆ.

ನಿಮ್ಮನ್ನು ಬರಬೇಡಿ ಎಂದು ಹೇಳಲು ಫೋನು ಕೈಗೆತ್ತಿಕೊಂಡಿದ್ದೆ. ಹದಿನೇಳು ವರ್ಷದಲ್ಲಿ ನಿಮ್ಮ ಮೇಲೆ ಅಷ್ಟು ಸಿಟ್ಟು ಬಂದದ್ದಿಲ್ಲ. ಇನ್ನೂ ಇಳಿದಿಲ್ಲ. ಚಿಯೋ ಫೋನು ಕಿತ್ತುಕೊಂಡಳು. ಅವಳಿಗೆ ಜನವರಿ ಒಂದರಂದೇ ಗೊತ್ತಿತ್ತಂತೆ. ಚೀಲ ತೆರೆದಾಗ ಕುದುರೆ ಹರಿದ ಚರ್ಮದ ಅಂಚಿನಲ್ಲಿ ತಂತಿಗೆ ಸಿಕ್ಕಿಕೊಂಡು ವಾಲಿತ್ತು. "ಡಬ್ಬಿಯಲ್ಲಿಟ್ಟ ಕುದುರೆ ತಾನಾಗಿ ಎದ್ದು ಬರುತ್ತದೆಯೇ?" ಅಂದಳು. ಮತ್ತೇಕೆ ಹೇಳಲಿಲ್ಲ ಎಂದು ಕೂಗಾಡಿದೆ. "ನಾನು ಹೇಳಿದರೆ ಅದು ನನ್ನ ದೂರು. ಅವರು ಹೇಳಿದರೆ ಅವರ ಮಾತು. ಕಾಯುತ್ತಿದ್ದೆ" ಅಂದಳು. ಸುಮ್ಮನಿರಲು ಕಷ್ಟವಾಯಿತಂತೆ. ರಾತ್ರಿ ಅತ್ತಿದ್ದಳಂತೆ. ಅದನ್ನೂ ನೀವು ತಿಳಿದಿರಬೇಕು.

ಆದ್ದರಿಂದ ಶನಿವಾರ ವೇದಿಕೆಯ ಮೇಲೆ ನಿಮ್ಮನ್ನು ನಿಲ್ಲಿಸಿ, "ಈ ಏಳರ ಗತ್ತು ನನ್ನ ಮಾಮನ ಅಪ್ಪನದು, ಇದನ್ನು ನನಗೆ ಕೊಟ್ಟವರು ಇವರು" ಎಂದು ನಾನು ನಾಲ್ಕು ನೂರು ಜನಕ್ಕೆ ಹೇಳಿದೆನಲ್ಲ, ಆಗ ನಮಗೆ ಎಲ್ಲವೂ ಗೊತ್ತಿತ್ತು. ನಮಗೆ ಗೊತ್ತಿದೆ ಎಂಬುದು ನಿಮಗೆ ಗೊತ್ತಿರಲಿಲ್ಲ. ನಿಮ್ಮ ಮುಖವನ್ನೇ ನೋಡುತ್ತಿದ್ದೆ. ಇಷ್ಟು ತಿಂಗಳು ಬಯಸಿದ ಮಾತು ಕಿವಿಗೆ ಬಿದ್ದಾಗ ನೀವು ತಲೆ ತಗ್ಗಿಸಿದಿರಿ. ಕೊನೆಯ ಹಾಡಿನಲ್ಲಿ ಐದನೇ ಪೆಟ್ಟಿಗೆ ನಿಮ್ಮ ಕೈ ನಿಂತಿತು. ಉಳಿದ ಎರಡು ಪೆಟ್ಟು ಯಾರು ಹಾಕಿದರು ಎಂದು ನೀವು ತಿರುಗಿ ನೋಡಲಿಲ್ಲ. ಚಿಯೋ ಪಕ್ಕದಲ್ಲಿ ಹರಿದ ಶಾಮಿಸೆನ್ ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು. ಅದರ ಕಟ್ಟಿಗೆಯ ಅಂಚಿಗೆ ಬೆರಳಿನಿಂದ ಹಾಕಿದಳು. ಮೈಕಿಗೆ ಕೇಳಿಸಿತು, ಜನಕ್ಕೆ ತಾಳ ತಪ್ಪಿದ್ದು ತಿಳಿಯಲಿಲ್ಲ.

ಅವಳು ನಿಮ್ಮಿಂದ ಒಂದು ಕೇಳುತ್ತಾಳೆ. ಡೊಳ್ಳಿಗೆಂದು ಊರಿಂದ ತಂದ ಮೇಕೆಯ ಚರ್ಮ ನಿಮ್ಮ ಅಟ್ಟದಲ್ಲಿದೆ ಎಂದು ಅತ್ತಿ ಅವಳಿಗೆ ಹೇಳಿದ್ದಾರೆ. ಅದನ್ನು ಹೆರೆದು ತೆಳುವು ಮಾಡಿಡಬೇಕು. ಮಾರ್ಚ್ ಹದಿನಾರರ ಭಾನುವಾರ ಬರುತ್ತಾಳೆ. ಊರಿನ ಆ ಮುದುಕ ವಿಡಿಯೋದಲ್ಲಿ ಹೇಳಿಕೊಡುತ್ತಾನೆ, ನೀವಿಬ್ಬರೂ ಕೂಡಿ ಹೊದಿಸಬೇಕು. ನನಗೆ ಅಂದು ಡ್ಯೂಟಿ ಇದೆ. ಡ್ಯೂಟಿ ಇಲ್ಲದಿದ್ದರೂ ಬರುತ್ತಿರಲಿಲ್ಲ, ಇನ್ನೂ ಸ್ವಲ್ಪ ದಿನ ಬೇಕು.

ನಂಬರು ಅನ್‌ಬ್ಲಾಕ್ ಮಾಡಿದ್ದೇನೆ. ಒಂದು ನಿಮಿಷಕ್ಕಿಂತ ಉದ್ದದ ಮೆಸೇಜ್ ಕಳಿಸಿದರೆ ಮತ್ತೆ ಮಾಡುತ್ತೇನೆ.

ವಿಕಾಸ

———

ಆಡಿಸ್ಕೋಂಬ್
ಸೋಮವಾರ, ೧೭ ಮಾರ್ಚ್ ೨೦೨೫

ಚಿರಂಜೀವಿ ವಿಕಾಸನಿಗೆ.

ಒಂದು ನಿಮಿಷದಲ್ಲಿ ಇದನ್ನು ಹೇಳಲಾಗದು, ಅದಕ್ಕೆ ಬರೆಯುತ್ತಿದ್ದೇನೆ.

ಚರ್ಮವನ್ನು ಎರಡು ದಿನ ಗಾಜಿನ ಚೂರಿನಿಂದ ಹೆರೆದೆ. ಶನಿವಾರ ಸ್ನಾನದ ತೊಟ್ಟಿಯಲ್ಲಿ ನೆನೆಹಾಕಿದೆ. "ನಾ ಎಲ್ಲಿ ಮೈ ತೊಳಕೊಳ್ಳಲಿ? ಟ್ರಾಮಿನ್ಯಾಗೇನು?" ಎಂದು ನಾಗವ್ವ ಕೂಗಿದಳು. ಎರಡೂವರೆ ತಿಂಗಳ ಮೇಲೆ ಆಕೆ ನನ್ನ ಮೇಲೆ ಬಾಯಿ ತೆರೆದು ಕೂಗಿದ್ದು. ಕಿವಿಗೆ ಹಿತವಾಯಿತು.

ಭಾನುವಾರ ಹತ್ತಕ್ಕೆ ಚಿಯೋ ಬಂದಳು. ಬಾಗಿಲಲ್ಲಿ ನಾನು ಏನೋ ಹೇಳಲು ಬಾಯಿ ತೆರೆದೆ. ಮೂರು ವಾರ ಇಂಗ್ಲಿಷಿನಲ್ಲಿ ಹೊಂದಿಸಿಟ್ಟಿದ್ದ ಮಾತು. ಅರ್ಧಕ್ಕೆ ತೊದಲಿದೆ. ಆಕೆ ನಡುವೆ ಬಾಯಿ ಹಾಕಲಿಲ್ಲ, ಸುಲಭವೂ ಮಾಡಿಕೊಡಲಿಲ್ಲ. ಪೂರ್ತಿ ಮುಗಿಯುವತನಕ ಬೂಟು ಬಿಚ್ಚದೆ ನಿಂತು ಕೇಳಿದಳು. ಆಮೇಲೆ ಬೂಟು ಬಿಚ್ಚಿ ಒಳಗೆ ಬಂದಳು.

ವಿಡಿಯೋದ ಮುದುಕ ನನ್ನಂಥವನೇ. ಅವನ ಭಾಷೆ ನನಗೆ ಬರದು, ನನ್ನದು ಅವನಿಗೆ ಬರದು, ಆದರೂ ಒಂದು ಗಂಟೆ ಜಗಳವಾಡಿದೆವು. ನಾನು ಚರ್ಮವನ್ನು ಸುತ್ತಲೂ ಒಂದೇ ಸಮ ಎಳೆಯಬೇಕು ಎನ್ನುತ್ತೇನೆ, ಅವನು ಉದ್ದಕ್ಕೆ ಹೆಚ್ಚು ಎಂದು ಕೈ ಬೀಸುತ್ತಾನೆ. ಅವನು ಹೇಳಿದ್ದೇ ಸರಿ. ನಾಗವ್ವ ಅಕ್ಕಿಹಿಟ್ಟು ಕುದಿಸಿ ಅಂಟು ಮಾಡಿಕೊಟ್ಟಳು. ಅಂಚಿಗೆಲ್ಲ ಕಟ್ಟಿಗೆಯ ಚಿಮಟ ಕಚ್ಚಿಸಿ, ಹಗ್ಗ ಬಿಗಿದು, ನಾನೊಂದು ಕಡೆ ಅವಳೊಂದು ಕಡೆ ಎಳೆದೆವು. ಸಾಕು, ಹರಿದೀತು ಎಂದು ನಾನು ಕೈ ಬಿಟ್ಟೆ. ಅವಳು ಬಿಡಲಿಲ್ಲ. ತುಟಿ ಕಚ್ಚಿಕೊಂಡು ಇನ್ನೂ ಎರಡು ಬೆರಳು ಎಳೆದಳು. ಚರ್ಮ ಸಣ್ಣಗೆ ನುಡಿಯಿತು. ಮುದುಕ ಅಲ್ಲಿಂದ ಚಪ್ಪಾಳೆ ತಟ್ಟಿದ.

ವಿಕಾಸ, ಆಗ ನನ್ನ ಹೊಟ್ಟೆಯಲ್ಲಿ ಸಣ್ಣಗೆ ಉರಿಯಿತು. ಐವತ್ತು ವರ್ಷ ಚರ್ಮ ಮುಟ್ಟಿದವನು ನಾನು, ಕೈ ಬಿಟ್ಟವನೂ ನಾನೇ. ಹೊಟ್ಟೆಕಿಚ್ಚು ಹೋಯಿತು ಎಂದು ಬರೆದರೆ ನಿನಗೂ ಚೆನ್ನ, ನನಗೂ ಚೆನ್ನ. ಆದರೆ ಅದು ನಾಲ್ಕನೇ ಕಥೆಯಾದೀತು. ಈಗಾಗಲೇ ಮೂರು ಹೇಳಿದ್ದೇನೆ. ಹೋಗಿಲ್ಲ. ಮುಂದಿನ ಕೋಣೆಯ ಕಪಾಟಿನ ಮೇಲೆ ವಾದ್ಯ ಒಣಗುತ್ತಿದೆ. ಹತ್ತು ದಿನ ಇಲ್ಲೇ ಇರಬೇಕಂತೆ. ಅವಳೇ ಬಿಟ್ಟುಹೋದಳು, ಕುದುರೆಯ ಡಬ್ಬಿಯ ಸಮೇತ. ಈ ಸಲ ಒಂದೇ ಸಲ ಹೇಳಿದಳು, "ಅಂಕಲ್, ಬಿಸಿ ಬೇಡ." ನಾನು ಹೀಟರ್ ಆರಿಸಿ ಕಂಬಳಿ ಹೊದ್ದು ಕುಳಿತು ಬರೆಯುತ್ತಿದ್ದೇನೆ. ನಾಗವ್ವ ಹಲ್ಲು ಕಡಿಯುತ್ತ ಅಡಿಗೆಮನೆಯಲ್ಲಿ ಒಲೆ ಹಚ್ಚಿಕೊಂಡು ಕುಳಿತಿದ್ದಾಳೆ.

ಇನ್ನೂ ಸ್ವಲ್ಪ ದಿನ ಬೇಕೆಂದು ನೀನು ಬರೆದಿದ್ದೆ. ತೆಗೆದುಕೋ. ವಾದ್ಯ ಒಣಗಿದ ದಿನ ಬಾ, ಬರದಿದ್ದರೆ ಅದರ ಮರುದಿನ ಬಾ.

ಲಕೋಟೆಯನ್ನು ನಾಗವ್ವನ ಕೈಗೆ ಕೊಟ್ಟಿಲ್ಲ. ಸ್ಟಾಂಪು ನಾನೇ ಹಚ್ಚಿದ್ದೇನೆ. ಫಸ್ಟ್ ಕ್ಲಾಸು. ಕೆಳಗೆ ಬೇರೆ ಯಾವುದೂ ಇಲ್ಲ, ಬೇಕಾದರೆ ಕಿತ್ತು ನೋಡು.

ನಿನ್ನ ಮಾಮ,
ಸಿದ್ದಲಿಂಗಪ್ಪ